ಒಣಗಿ ಸೋರುವ ಚಪ್ಪಟೆ ತಳದ ದೋಣಿ: ಮತ್ತೆ ನೀರಿಗಿಳಿಸುವ ಮೊದಲು ಮಾಡಬೇಕಾದ ಕೆಲಸ, ಒಂದೊಂದಾಗಿ

ಬೇಸಿಗೆಯಲ್ಲಿ ದಡಕ್ಕೆ ಎಳೆದಿಟ್ಟ ದೋಣಿಯನ್ನು ನೀರಿಗೆ ಹಾಕಿದ ಕೂಡಲೇ ತಳದಿಂದ ನೀರು ಏಳುತ್ತದೆ. ಪೈಪಿಗೆ ಹಚ್ಚುವ ಎಪಾಕ್ಸಿ ತಂದು ಮೆತ್ತುತ್ತಾರೆ, ಮೇಲಿಂದ ಡಾಂಬರು ಬಳಿಯುತ್ತಾರೆ, ಸ್ವಲ್ಪ ದಿನ ಸರಿ ಇರುತ್ತದೆ, ಮತ್ತೆ ಸೋರುತ್ತದೆ, ಯಾಕೆ? ಕಾಸರಗೋಡಿನ ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಬದಿಯಲ್ಲಿ ತೋಟ ಇರುವವರು ಕೇಳುವುದು ಇದೇ ಪ್ರಶ್ನೆ, ಅದೂ ಪ್ರತಿ ವರ್ಷ. ಅವರು ತಂದ ಸಾಮಾನು ಕೆಟ್ಟದ್ದು ಅಂತಲ್ಲ. ಕೆಲಸದ ಕ್ರಮ ತಲೆಕೆಳಗಾಗಿರುತ್ತದೆ, ಅಷ್ಟೇ.

ಮರ ನೀರು ಕುಡಿದರೆ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ. ಒಣಗಿದರೆ ಅಗಲಕ್ಕೇ ಕುಗ್ಗುತ್ತದೆ. ಹಾಗಾಗಿ ಮಾರ್ಚ್-ಏಪ್ರಿಲ್ ಬಿಸಿಲಿಗೆ ಬಿದ್ದ ದೋಣಿಯಲ್ಲಿ ಹಲಗೆಗಳ ನಡುವಿನ ಸಂದುಗಳೆಲ್ಲ ಬಾಯಿ ಬಿಡುತ್ತವೆ. ಈ ಸಂದುಗಳಲ್ಲಿ ಹೆಚ್ಚಿನವು ನೆನೆದರೆ ತಾವೇ ಮುಚ್ಚಿಕೊಳ್ಳುತ್ತವೆ. ಒಣಗಿದ ಹೊತ್ತಿನಲ್ಲೇ ಅದರೊಳಗೆ ಕಲ್ಲಿನ ಹಾಗೆ ಗಟ್ಟಿಯಾಗುವ ವಸ್ತು ತುಂಬಿದರೆ ಆಮೇಲೆ ಮರ ಉಬ್ಬಿದಾಗ ಅದಕ್ಕೆ ಜಾಗ ಇಲ್ಲ. ಆಗ ತುಂಬಿದ್ದು ಕಿತ್ತು ಹೊರಗೆ ಬರುತ್ತದೆ, ಇಲ್ಲವೇ ಮೊಳೆ ಎದ್ದು ಬರುತ್ತದೆ, ಇಲ್ಲವೇ ಹಲಗೆಯೇ ಸೀಳುತ್ತದೆ. ಮೊದಲು ನೆನೆಸಬೇಕು, ನೆನೆದ ಮೇಲೂ ಎಲ್ಲಿ ಸೋರುತ್ತದೆ ಅಂತ ನೋಡಬೇಕು, ಅಲ್ಲಿ ಮಾತ್ರ ಕೈ ಹಾಕಬೇಕು.

ಇಲ್ಲಿ ಹೇಳುವುದು ಮೊಳೆ ಹೊಡೆದು ಕಟ್ಟಿದ, ಹಲಗೆಯ, ಚಪ್ಪಟೆ ತಳದ ದೋಣಿಗೆ. ತೆಂಗಿನಕಾಯಿ, ಅಡಿಕೆ, ಸೊಪ್ಪು, ಗೊಬ್ಬರ ದಾಟಿಸುವ ಹದಿನೈದು-ಇಪ್ಪತ್ತು ಅಡಿಯ ದೋಣಿ ಅಂತ ಇಟ್ಟುಕೊಳ್ಳಿ. ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದ ದೋಣಿಯ ವಿಷಯ ಬೇರೆ, ಅದನ್ನು ಕೊನೆಯ ಕಡೆ ಹೇಳಿದ್ದೇನೆ.

ಮೊದಲು ಕೈಗೆ ಬೇಕಾದ್ದು

ಎಲ್ಲವನ್ನೂ ಮೊದಲೇ ತಂದಿಟ್ಟುಕೊಳ್ಳಿ. ದೋಣಿ ಮಗುಚಿ ಹಾಕಿದ ಮೇಲೆ ಅಗಸೆ ಎಣ್ಣೆ ಹುಡುಕಿಕೊಂಡು ಕಾಸರಗೋಡು ಪೇಟೆಗೆ ಓಡಿದರೆ ಅಷ್ಟರಲ್ಲಿ ಮರ ಮತ್ತೆ ಒಣಗಿರುತ್ತದೆ.

- ಮರದ ಕೊಡತಿ. ಕಬ್ಬಿಣದ ಸುತ್ತಿಗೆ ಈ ಕೆಲಸಕ್ಕೆ ಬೇಡ, ಏಟಿನ ಹದ ಸಿಗುವುದಿಲ್ಲ.
- ಬಾಯಿ ಮೊಂಡಾದ ಉಳಿ, ಅಂಚು ಸುಮಾರು ಎರಡು ಮಿಲಿಮೀಟರ್ ದಪ್ಪ. ಹಳೆಯ ಉಳಿಯನ್ನು ಉಜ್ಜಿ ಮೊಂಡು ಮಾಡಿಕೊಂಡರೂ ಆಯಿತು. ಹರಿತ ಇದ್ದರೆ ಸಂದಿಗೆ ತುಂಬುವ ಹತ್ತಿಯನ್ನು ಕತ್ತರಿಸಿ ಹಾಕುತ್ತದೆ.
- ಸಂದು ಕೆರೆಯಲು ಒಂದು ಕೊಕ್ಕೆ. ಹಳೆಯ ಸ್ಕ್ರೂಡ್ರೈವರ್ ತುದಿ ಬಗ್ಗಿಸಿದರೆ ಸಾಕು.
- ಹತ್ತಿ ನೂಲು, ಹೆಚ್ಚು ತಿರುಚದ ದಪ್ಪದ್ದು. ನೈಲಾನ್, ಪಾಲಿಯೆಸ್ಟರ್ ಬೇಡ. ಅವು ನೀರಿಗೆ ಉಬ್ಬುವುದಿಲ್ಲ.
- ಬೇಯಿಸಿದ ಅಗಸೆ ಎಣ್ಣೆ, ಚಾಕ್ ಪುಡಿ, ಮೀನೆಣ್ಣೆ.
- ತಾಮ್ರದ ಮೊಳೆ, ಅಥವಾ ಸತು ಲೇಪಿಸಿದ ಮೊಳೆ.
- ಒಲೆಯ ಬೂದಿ, ಗೋಣಿ ಚೀಲ, ಕಲೆಸಲು ನಾಲ್ಕು ಅಡಿಕೆ ಹಾಳೆ.
- ದಪ್ಪ ರಬ್ಬರ್ ಕೈಗವಸು.

1. ಮೇಲೆ ಎಳೆದು ಕೂರಿಸುವುದು

ಅಳಿವೆಯ ಹತ್ತಿರದ ಹೊಳೆಯಾದರೆ ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನ ದಿನ ನೋಡಿ. ಆಗ ಭರತ (ಉಬ್ಬರ) ಜಾಸ್ತಿ ಏರುತ್ತದೆ. ಭರತಕ್ಕೆ ದೋಣಿಯನ್ನು ದಡಕ್ಕೆ ತಂದು ಕಟ್ಟಿದರೆ ಇಳಿತಕ್ಕೆ ಅದೇ ನೆಲದ ಮೇಲೆ ಕೂರುತ್ತದೆ, ಅರ್ಧ ಎಳೆಯುವ ಕೆಲಸ ಉಳಿಯಿತು. ಮೇಲ್ಭಾಗದ ಸಿಹಿನೀರಿನ ಹೊಳೆಯಾದರೆ ಅಡಿಕೆ ಮರದ ತುಂಡುಗಳನ್ನು ಅಡ್ಡ ಹಾಕಿ ಉರುಳಿಸಿಕೊಂಡು ಹೋಗುವುದೇ ಸೈ.

ಕೂರಿಸುವಾಗ ಜನ ಒಂದು ತಪ್ಪು ಮಾಡುತ್ತಾರೆ. ಮುಂದೆ ಎರಡು ಕಲ್ಲು, ಹಿಂದೆ ಎರಡು ಕಲ್ಲು ಇಟ್ಟು ನಡು ಖಾಲಿ ಬಿಡುತ್ತಾರೆ. ಚಪ್ಪಟೆ ತಳದ ದೋಣಿಗೆ ನೀರಿನಲ್ಲಿ ಇಡೀ ತಳಕ್ಕೆ ಆಸರೆ ಇರುತ್ತದೆ. ದಡದಲ್ಲಿ ನಾಲ್ಕೇ ಕಲ್ಲಿನ ಮೇಲೆ ನಿಂತರೆ ನಡು ಜೋತು ಬಿದ್ದು ಚೆನ್ನಾಗಿದ್ದ ಸಂದೂ ಬಿಡುತ್ತದೆ. ಮೂರು-ನಾಲ್ಕು ಅಡಿಗೊಂದರಂತೆ ಅಡ್ಡ ತೊಲೆ ಕೊಡಿ, ಅದೂ ಒಳಗಿನ ಅಡ್ಡಮರ ಇರುವ ನೇರಕ್ಕೆ. ತೊಲೆ ಮೊಣಕಾಲೆತ್ತರ ಇರಲಿ, ಅಡಿಯಿಂದ ನೋಡಬೇಕಾಗುತ್ತದೆ.

ಜಾಗ ನೆರಳಿನಲ್ಲಿರಬೇಕು. ಮರದ ನೆರಳು ಇಲ್ಲದಿದ್ದರೆ ತೆಂಗಿನ ಮಡಲಿನ ಚಪ್ಪರ ಹಾಕಿ.

2. ಕೆರೆದು ಪರೀಕ್ಷೆ ಮಾಡುವುದು

ಹಳೆಯ ಡಾಂಬರು, ಪಾಚಿ, ಚಿಪ್ಪು ಎಲ್ಲ ಕೆರೆದು ತೆಗೆಯಿರಿ. ಬೇಸರದ ಕೆಲಸ, ಆದರೆ ಬಿಡುವ ಹಾಗಿಲ್ಲ. ಡಾಂಬರಿನ ಅಡಿಯಲ್ಲಿ ಮರ ಹೇಗಿದೆ ಅಂತ ಗೊತ್ತಾಗುವುದೇ ಇಲ್ಲ. ಮತ್ತೆ, ಡಾಂಬರು ಹಿಡಿದ ಸಂದಿಗೆ ಬೇರೆ ಯಾವುದೂ ಅಂಟುವುದಿಲ್ಲ. ಬೆಂಕಿ ಹಿಡಿದು ಕರಗಿಸಿ ತೆಗೆಯಲು ಹೋಗಬೇಡಿ, ಎಣ್ಣೆ ಕುಡಿದ ಹಳೆಯ ಮರಕ್ಕೆ ಕಿಡಿ ಸಾಕು.

ಈಗ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡುತ್ತಾ ಹೋಗಿ. ಗಟ್ಟಿ ಮರದಲ್ಲಿ ಗುರುತು ಮಾತ್ರ ಬೀಳುತ್ತದೆ. ಕುಂಬಾದ, ಅಂದರೆ ಕೊಳೆತ ಮರದಲ್ಲಿ ತುದಿ ಸುಲಭವಾಗಿ ಒಳಗೆ ಹೋಗುತ್ತದೆ. ಕೊಡತಿಯಿಂದ ಮೆಲ್ಲ ತಟ್ಟಿದರೆ ಸದ್ದಿನಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಒಳಗಿನ ಅಡ್ಡಮರದ ಅಡಿ, ಎರಡೂ ತುದಿಗಳು, ಮಳೆನೀರು ನಿಲ್ಲುವ ಮೂಲೆಗಳು, ಈ ಮೂರು ಕಡೆ ಬಿಡದೆ ನೋಡಿ. ದೋಣಿಯನ್ನು ಹೆಚ್ಚಾಗಿ ಕೊಳೆಸುವುದು ಹೊರಗಿನ ಹೊಳೆ ನೀರಲ್ಲ, ಒಳಗೆ ನಿಂತ ಮಳೆನೀರು. ಉಪ್ಪುನೀರಿಗಿಂತ ಮಳೆನೀರಿಗೇ ಮರ ಬೇಗ ಕೊಳೆಯುವುದು.

ಮೊಳೆಯ ಸುತ್ತ ನೀಲಿ-ಕಪ್ಪು ಕಲೆ ಕಂಡರೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರದೊಳಗಿನ ಒಗರಿನ ಜೊತೆ ಸೇರಿದೆ ಅಂತ ಅರ್ಥ. ಅಲ್ಲಿ ಮೊಳೆಯೂ ಸವೆದಿರುತ್ತದೆ, ಸುತ್ತಲಿನ ಮರವೂ ಮೆತ್ತಗಾಗಿರುತ್ತದೆ.

ಉಪ್ಪುನೀರು ಹತ್ತುವ ಜಾಗದಲ್ಲಿ ದೋಣಿ ಕಟ್ಟಿ ನಿಲ್ಲಿಸುವವರು ಇನ್ನೊಂದು ನೋಡಬೇಕು. ತಳದಲ್ಲಿ ಗುಂಡುಪಿನ್ನಿನ ತಲೆಯಷ್ಟು ತೂತುಗಳು ಉಂಟಾ? ಒಂದು ತೂತನ್ನು ಉಳಿಯಿಂದ ಸ್ವಲ್ಪ ಬಿಡಿಸಿ ನೋಡಿ. ಒಳಗೆ ಬೆರಳು ಗಾತ್ರದ ಸುರಂಗ, ಅದರ ಗೋಡೆಗೆ ಬಿಳಿ ಸುಣ್ಣದಂಥ ಪದರ ಕಂಡರೆ ಅದು ಹಡಗುಹುಳ. ಹೆಸರು ಮಾತ್ರ ಹುಳ, ಜಾತಿಯಲ್ಲಿ ನಾವು ತಿನ್ನುವ ಮರುವಾಯಿ ಚಿಪ್ಪಿಯ ನೆಂಟ. ಹೊರಗಿನಿಂದ ನೋಡಿದರೆ ಹಲಗೆ ಹೊಸದರಂತೆ ಕಾಣುತ್ತದೆ, ಒಳಗೆ ಪೂರ್ತಿ ಟೊಳ್ಳು.

ಮುಂದೆ ಹೋಗಬಾರದ ಲಕ್ಷಣಗಳು

ಒಂದೇ ಹಲಗೆಯಲ್ಲಿ ಅಂಗೈ ಅಗಲಕ್ಕಿಂತ ಜಾಸ್ತಿ ಕುಂಬಾಗಿದ್ದರೆ, ಅಕ್ಕಪಕ್ಕದ ಎರಡು ಅಡ್ಡಮರ ಮೆತ್ತಗಾಗಿದ್ದರೆ, ಹಡಗುಹುಳ ಮೂಲೆಯ ಹಲಗೆಗೆ ಹೊಕ್ಕಿದ್ದರೆ ಇಲ್ಲಿಗೇ ನಿಲ್ಲಿಸಿ. ಹಲಗೆ ಬದಲಿಸಬೇಕು, ಅದು ದೋಣಿ ಗೊತ್ತಿರುವ ಆಚಾರಿಯ ಕೆಲಸ. ಮನೆಯ ಬಾಗಿಲು-ಕಿಟಕಿ ಮಾಡುವವರು ಒಳ್ಳೆಯ ಕೆಲಸಗಾರರೇ ಇರಬಹುದು, ಆದರೆ ಅವರು ಹಲಗೆಯನ್ನು ಬಿಗಿಯಾಗಿ ಕೂರಿಸಿಬಿಡುತ್ತಾರೆ, ಉಬ್ಬಲು ಜಾಗ ಬಿಡುವುದಿಲ್ಲ. ಹೊಸ ಹಲಗೆಗೆ ಹೆಬ್ಬಲಸು ಸಿಕ್ಕಿದರೆ ಒಳ್ಳೆಯದು, ಮಾವು ಅಗ್ಗ ಆದರೆ ಬೇಗ ಹಾಳಾಗುತ್ತದೆ.

3. ನೆನೆಸುವುದು

ಇದನ್ನೇ ಎಲ್ಲರೂ ಬಿಡುವುದು. ಸುಮ್ನೆ ಒಂದು ಸಲ ನೀರು ಚಿಮುಕಿಸಿದರೆ ನೆನೆಸಿದ ಹಾಗೆ ಆಗುವುದಿಲ್ಲ.

ಹೊಳೆಯಲ್ಲಿ ಮೊಣಕಾಲುದ್ದ ನೀರು ಇದ್ದರೆ ಸುಲಭ. ದೋಣಿಯನ್ನು ದಡದ ಬದಿಯ ನಿಂತ ನೀರಿಗೆ ಇಳಿಸಿ, ತನ್ನಷ್ಟಕ್ಕೆ ತುಂಬಲು ಬಿಡಿ, ಅಲುಗಾಡದ ಹಾಗೆ ಹಗ್ಗ ಕಟ್ಟಿ. ಭಾರಕ್ಕೆ ಕಲ್ಲು ಇಡುವುದಾದರೆ ಅಡ್ಡಮರದ ಮೇಲೆ ಇಡಿ, ಹಲಗೆಯ ಮೇಲೆ ಎಸೆಯಬೇಡಿ. ಮೂರರಿಂದ ಐದು ದಿನ ಬೇಕು. ತೀರಾ ಒಣಗಿದ್ದರೆ ಒಂದು ವಾರ. ಸಾಧ್ಯವಾದರೆ ಉಪ್ಪು ಹತ್ತದ ಕಡೆ ಮುಳುಗಿಸಿ, ಬಣ್ಣ-ಎಣ್ಣೆ ಏನೂ ಇಲ್ಲದೆ ಕೆರೆದ ಮರ ಹಡಗುಹುಳದ ಮರಿಗಳಿಗೆ ಬಾಗಿಲು ತೆರೆದಿಟ್ಟ ಹಾಗೆ.

ಹೊಳೆಯೇ ಬತ್ತಿದ್ದರೆ ದಡದಲ್ಲೇ ನೆನೆಸಬೇಕು. ಗೋಣಿ ಚೀಲಗಳನ್ನು ಒಳಗೂ ಹೊರಗೂ ಹಾಸಿ ದಿನಕ್ಕೆ ಮೂರು-ನಾಲ್ಕು ಸಲ ಒದ್ದೆ ಮಾಡಿ. ತೋಟದಲ್ಲಿ ಗುಡ್ಡಕ್ಕೆ ಕೊರೆದ ನೀರಿನ ಸುರಂಗ ಇದ್ದವರಿಗೆ ಇದು ಕಷ್ಟವಲ್ಲ, ಒಂದು ಸಣ್ಣ ಪೈಪು ಸದಾ ಹನಿಯುವ ಹಾಗೆ ಬಿಟ್ಟರೆ ಆಯಿತು. ಚೀಲ ಒಂದು ಮಧ್ಯಾಹ್ನ ಪೂರ್ತಿ ಒಣಗಿದರೂ ಹಿಂದಿನ ದಿನದ ನೆನೆಸಿದ್ದು ವ್ಯರ್ಥ.

ಯಾವಾಗ ಸಾಕು? ದಿನವೂ ಅದೇ ಎರಡು-ಮೂರು ಸಂದುಗಳಿಗೆ ಒಂದು ಹಳೆಯ ಪೋಸ್ಟ್ ಕಾರ್ಡ್ ತುಂಡು ತೂರಿಸಿ ನೋಡಿ. ಮೊದಲ ದಿನ ಸಲೀಸಾಗಿ ಹೋಗುವುದು ಆಮೇಲೆ ಹೋಗುವುದಿಲ್ಲ. ಎರಡು ದಿನ ಒಂದೇ ಥರ ಇದ್ದರೆ ಮರ ಉಬ್ಬುವಷ್ಟು ಉಬ್ಬಿದೆ.

4. ಸೋರುವ ಜಾಗ ಹುಡುಕುವುದು

ನೀರಿನಲ್ಲಿ ತೇಲುವ ದೋಣಿಯ ಒಳಗೆ ಕೂತು ಸೋರುವ ಜಾಗ ಹುಡುಕಲು ಹೋದರೆ ಮೋಸ ಹೋಗುತ್ತೀರಿ. ನೀರು ಒಂದು ಕಡೆ ಒಳಗೆ ಬರುತ್ತದೆ, ಅಡ್ಡಮರದ ಅಡಿಯಲ್ಲಿ ಹರಿದು ಇನ್ನೊಂದು ಕಡೆ ಕಾಣಿಸುತ್ತದೆ. ತಿರುಗಿಸಿ ಮಾಡಿ. ದೋಣಿಯನ್ನು ತೊಲೆಯ ಮೇಲೆ ಕೂರಿಸಿ, ಒಳಗೆ ನೀರು ಹಾಕಿ, ಹೊರಗಿನಿಂದ ನೋಡಿ.

ಆದರೆ ನೀರು ನಾಲ್ಕು ಇಂಚಿಗಿಂತ ಮೇಲೆ ಬೇಡ. ಲೆಕ್ಕ ಹಾಕಿ ನೋಡಿ: ತಳ ಹದಿನೈದು ಅಡಿ ಉದ್ದ, ಮೂರೂವರೆ ಅಡಿ ಅಗಲ ಅಂದರೆ ಹತ್ತಿರ ಹತ್ತಿರ ಐದು ಚದರ ಮೀಟರ್. ಹತ್ತು ಸೆಂಟಿಮೀಟರ್ ನೀರು ಹಾಕಿದರೆ 500 ಲೀಟರ್ ಆಯಿತು, ಅಂದರೆ ಅರ್ಧ ಟನ್. ದೋಣಿಯ ಹಲಗೆ ಹೊರಗಿನಿಂದ ಒಳಗೆ ಒತ್ತುವ ನೀರಿಗೆ ಕಟ್ಟಿದ್ದು, ಒಳಗಿನಿಂದ ಹೊರಗೆ ತಳ್ಳುವ ಭಾರಕ್ಕಲ್ಲ. ಅಂಚಿನವರೆಗೆ ತುಂಬಿಸಿದರೆ ಸೋರಿಕೆ ಪರೀಕ್ಷೆಯೇ ಹೊಸ ಸೋರಿಕೆ ಮಾಡುತ್ತದೆ. ನೀರು ಇರುವಾಗ ದೋಣಿಯ ಅಡಿಗೆ ಪೂರ್ತಿ ನುಗ್ಗಿ ಮಲಗಬೇಡಿ, ಬದಿಯಿಂದ ಟಾರ್ಚ್ ಬಿಟ್ಟು ನೋಡಿ.

ನೀರು ಹಾಕುವ ಮೊದಲು ಹೊರಗಿನ ಮೈಯನ್ನು ಬಟ್ಟೆಯಿಂದ ಒರೆಸಿ, ಒಣ ಬೂದಿಯನ್ನು ಸಂದುಗಳ ಉದ್ದಕ್ಕೆ ಎರಚಿ. ಬೂದಿ ತೆಳ್ಳಗೆ ಅಂಟಿಕೊಳ್ಳುತ್ತದೆ. ಈಗ ಒಳಗೆ ನೀರು ಹಾಕಿ. ಎಲ್ಲಿ ಮೊದಲು ಬೂದಿ ಕಪ್ಪಾಗುತ್ತದೋ ಅದೇ ಜಾಗ. ಹನಿ ಬೀಳುವ ಜಾಗವನ್ನು ನಂಬಬೇಡಿ, ಹನಿ ಯಾವಾಗಲೂ ತಗ್ಗಿಗೆ ಹರಿದು ಬೀಳುತ್ತದೆ. ಕಪ್ಪಾದ ಕೂಡಲೇ ಮೊಳೆಯಿಂದ ಗೀರಿ ಗುರುತು ಮಾಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಸೀಮೆಸುಣ್ಣದ ಗುರುತು ನೀರಿಗೆ ಹೋಗುತ್ತದೆ.

ನೆನೆಸಿದ ಮೇಲೂ ಸೋರುವ ಕಡೆಗಳು ಹೆಚ್ಚಾಗಿ ಇವು: ತಳವೂ ಪಕ್ಕದ ಹಲಗೆಯೂ ಸೇರುವ ಮೂಲೆಯ ಸಂದು, ಎರಡೂ ತುದಿಯಲ್ಲಿ ತಳ ಮೇಲಕ್ಕೆ ಬಾಗುವ ಜಾಗ, ಸವೆದ ಮೊಳೆಯ ತೂತು, ಗಂಟಿನ ಸುತ್ತ. ಅದರಲ್ಲೂ ಮೂಲೆಯ ಸಂದು. ಚಪ್ಪಟೆ ತಳದ ದೋಣಿಯನ್ನು ದಡಕ್ಕೆ ಎಳೆಯುವಾಗ, ಮರಳಿನ ಮೇಲೆ ಕೂರುವಾಗ, ಒಂದು ಬದಿಯ ಮೇಲೆ ಕಾಲಿಟ್ಟು ಹತ್ತುವಾಗ ಎಲ್ಲ ತಿರುಚೂ ಬೀಳುವುದು ಅಲ್ಲಿಗೇ.

ಗುರುತು ಮುಗಿದ ಮೇಲೆ ನೀರನ್ನು ಪೂರ್ತಿ ತೆಗೆದು, ಆಮೇಲೆ ದೋಣಿ ಮಗುಚಿ. ಮಗುಚಲು ಆರೇಳು ಜನ ಬೇಕು. ಬೀಳುವ ಕಡೆ ಮಡಲಿನ ರಾಶಿ ಅಥವಾ ಹಳೆಯ ಟಯರ್ ಹಾಕಿ.

5. ಹತ್ತಿ ತುಂಬುವ ಮೊದಲು ಮೊಳೆ ಮತ್ತು ಬಿರುಕು

ಹತ್ತಿ ತುಂಬಿದ ಮೇಲೆ ಮೊಳೆ ಹೊಡೆಯಬೇಡಿ. ಸುತ್ತಿಗೆಯ ಏಟಿಗೆ ಪಕ್ಕದ ಸಂದಿನ ಹತ್ತಿ ಸಡಿಲ ಆಗುತ್ತದೆ. ಆದ್ದರಿಂದ ಹೊಡೆಯುವ-ಬಡಿಯುವ ಕೆಲಸವೆಲ್ಲ ಮೊದಲು.

ಸವೆದ ಮೊಳೆಯನ್ನು ಕಿತ್ತು ಅದೇ ತೂತಿಗೆ ದಪ್ಪ ಮೊಳೆ ಹೊಡೆಯುವುದು ರೂಢಿ. ಒಂದು ವರ್ಷ ಹಿಡಿಯಬಹುದು, ಅಷ್ಟೇ. ಹಳೆಯ ತೂತಿಗೆ ಗಟ್ಟಿ ಮರದ ಬೆಣೆಯನ್ನು ಎಣ್ಣೆಯಲ್ಲಿ ಅದ್ದಿ ಹೊಡೆದು ಮುಚ್ಚಿ, ಒಂದೂವರೆ ಇಂಚು ಆಚೆಗೆ ಹೊಸ ತೂತು ಕೊರೆದು ಹೊಸ ಮೊಳೆ ಹಾಕಿ. ತೂತು ಕೊರೆಯದೆ ಮೊಳೆ ಹೊಡೆದರೆ ಹಳೆಯ ಹಲಗೆ ಎಳೆಗುಂಟ ಸೀಳುತ್ತದೆ. ತಾಮ್ರ ಮತ್ತು ಕಬ್ಬಿಣ ಹತ್ತಿರ ಹತ್ತಿರ ಬೇಡ, ಉಪ್ಪುನೀರಿನಲ್ಲಿ ತಾಮ್ರದ ಪಕ್ಕದ ಕಬ್ಬಿಣ ಬೇಗ ತಿಂದು ಹೋಗುತ್ತದೆ. ಒಂದು ದೋಣಿಗೆ ಒಂದೇ ಲೋಹ.

ಹಲಗೆಯ ನಡುವಿನ ಬಿರುಕು ಮುಂದಕ್ಕೆ ಹೋಗದ ಹಾಗೆ ಅದರ ಎರಡೂ ಕೊನೆಗೆ ಸಣ್ಣ ತೂತು ಕೊರೆದು ಬೆಣೆ ಹಾಕಿ. ಆಮೇಲೆ ಬಿರುಕನ್ನೂ ಸಂದಿನ ಹಾಗೇ ತುಂಬಬಹುದು, ಆದರೆ ಹಗುರವಾಗಿ. ಬಿರುಕಿಗೆ ಬಿಗಿಯಾಗಿ ಹತ್ತಿ ಬಡಿದರೆ ಅದೇ ಬೆಣೆಯಾಗಿ ಹಲಗೆಯನ್ನು ಎರಡು ಮಾಡುತ್ತದೆ.

6. ಹತ್ತಿ ತುಂಬುವುದು

ಗುರುತು ಹಾಕಿದ ಸಂದಿನ ಒಳಗಿನ ಹಳೆಯ ಹತ್ತಿ, ಮಣ್ಣು, ಮೆತ್ತೆ (ಹತ್ತಿಯ ಮೇಲೆ ಮೆತ್ತುವ ಪುಟ್ಟಿ) ಎಲ್ಲವನ್ನೂ ಕೊಕ್ಕೆಯಿಂದ ಎಳೆದು ತೆಗೆಯಿರಿ. ಗುರುತಿನ ಎರಡೂ ಬದಿಗೆ ಒಂದೊಂದು ಅಡಿ ಜಾಸ್ತಿಯೇ ತೆಗೆಯಿರಿ. ಕೆರೆಯುವಾಗ ಹಲಗೆಯ ಅಂಚು ಮುರಿಯಬಾರದು. ಯಂತ್ರದ ಗರಗಸ ಹಾಕಿ ಸಂದನ್ನು ಅಗಲ ಮಾಡುವುದು ಈಗ ಫ್ಯಾಷನ್ ಆಗಿದೆ, ಮಾಡಬೇಡಿ. ಸಂದು ಹೊರಗೆ ಅಗಲ, ಒಳಗೆ ಕಿರಿದು ಇರಬೇಕು. ಒಳಗಿನ ಆ ಬಿಗಿಯೇ ಹತ್ತಿಯನ್ನು ತಡೆದು ನಿಲ್ಲಿಸುವುದು. ಗರಗಸ ಅದನ್ನು ಮೇಲಿಂದ ಕೆಳಗೆ ಒಂದೇ ಅಗಲ ಮಾಡುತ್ತದೆ, ಆಮೇಲೆ ಎಷ್ಟು ಹತ್ತಿ ಹಾಕಿದರೂ ದೋಣಿಯೊಳಗೆ ಬೀಳುತ್ತದೆ.

ನೆನೆದ ದೋಣಿಯನ್ನು ನೆರಳಿನಲ್ಲಿ ಎರಡು ದಿನ ಗಾಳಿಗೆ ಬಿಡಿ. ಸಂದಿನ ಮೇಲ್ಮೈ ಒಣಗಬೇಕು, ಹಲಗೆಯ ಒಳಗೆ ತೇವ ಇರಬೇಕು. ಪೂರ್ತಿ ಒಣಗಲು ಬಿಟ್ಟರೆ ಮತ್ತೆ ಮೊದಲ ಮೆಟ್ಟಿಲಿಗೇ ಬಂದಿರಿ.

ಹತ್ತಿ ತುಂಬುವುದು ಯಾವಾಗಲೂ ಹೊರಗಿನಿಂದ. ಹೊರಗಿನ ನೀರು ಅದನ್ನು ಇನ್ನೂ ಒಳಕ್ಕೆ ಒತ್ತುತ್ತದೆ. ಒಳಗಿನಿಂದ ತುಂಬಿದರೆ ಅದೇ ನೀರು ಅದನ್ನು ಹೊರಗೆ ತಳ್ಳುತ್ತದೆ. ದೋಣಿ ಮಗುಚುವ ಕಷ್ಟ ತಪ್ಪಿಸಲು ಒಳಗಿನಿಂದ ತುಂಬಿದವರೇ ಪ್ರತಿ ವರ್ಷ ದೂರು ಹೇಳುವವರಲ್ಲಿ ಜಾಸ್ತಿ.

ನೂಲನ್ನು ಹಗ್ಗದ ಹಾಗೆ ನೇರ ಎಳೆದು ತುರುಕಬೇಡಿ. ಸಣ್ಣ ಸಣ್ಣ ಮಡಿಕೆ ಮಾಡುತ್ತಾ ಹೋಗಬೇಕು. ಬೆರಳಗಲದ ಒಂದು ಮಡಿಕೆ ಮಾಡಿ, ಉಳಿಯಿಂದ ಸಂದಿನೊಳಗೆ ಒತ್ತಿ, ಅದಕ್ಕೆ ತಾಗಿದ ಹಾಗೆ ಮುಂದಿನ ಮಡಿಕೆ. ಸಂದು ಅಗಲ ಇದ್ದಲ್ಲಿ ಮಡಿಕೆ ಹತ್ತಿರ ಹತ್ತಿರ, ಕಿರಿದಿದ್ದಲ್ಲಿ ದೂರ ದೂರ. ಒಂದು ಗಜದಷ್ಟು ಹೀಗೆ ಕೂರಿಸಿ, ಆಮೇಲೆ ತಿರುಗಿ ಬಂದು ಕೊಡತಿಯಿಂದ ಹಗುರ ಏಟು ಕೊಡುತ್ತಾ ಬಿಗಿ ಮಾಡಿ. ಎರಡೇ ಸಲ. ಮೂರನೆಯ ಸಲಕ್ಕೆ ಹೋಗುವ ಆಸೆ ಎಲ್ಲರಿಗೂ ಬರುತ್ತದೆ, ಬೇಡ.

ಹದ ಸದ್ದಿನಲ್ಲಿ ಗೊತ್ತಾಗುತ್ತದೆ. ಸಡಿಲ ಇದ್ದಾಗ ಕೊಡತಿಯ ಏಟು ಮಂಕಾಗಿ ಕೇಳುತ್ತದೆ. ಬಿಗಿಯಾದಾಗ ಗಟ್ಟಿ ಸದ್ದು ಬರುತ್ತದೆ, ಉಳಿ ಸ್ವಲ್ಪ ಹಿಂದಕ್ಕೆ ಹಾರುತ್ತದೆ. ಅಲ್ಲಿ ನಿಲ್ಲಿಸಿ. ಒಂದಿಂಚು ದಪ್ಪದ ಹಲಗೆಯಾದರೆ ಹತ್ತಿ ಮೇಲ್ಮೈಯಿಂದ ಸುಮಾರು ಕಾಲು ಇಂಚು ಕೆಳಗೆ ಇರಬೇಕು, ಮೆತ್ತೆಗೆ ಜಾಗ ಬೇಕಲ್ವಾ.

ಜಾಸ್ತಿ ಬಡಿದದ್ದರ ಗುರುತು ಇವು: ದೋಣಿಯೊಳಗೆ ಹತ್ತಿ ಇಣುಕುತ್ತದೆ, ಪಕ್ಕದ ಸಂದು ಇದ್ದಕ್ಕಿದ್ದಂತೆ ಅಗಲ ಕಾಣುತ್ತದೆ, ಹಲಗೆಯ ಅಂಚು ಅಡ್ಡಮರದಿಂದ ಕೂದಲೆಳೆಯಷ್ಟು ಎದ್ದಿರುತ್ತದೆ. ಇದರಲ್ಲಿ ಒಂದು ಕಂಡರೂ ಆ ಸಂದಿನ ಹತ್ತಿ ಪೂರ್ತಿ ಕಿತ್ತು ಹೊಸದಾಗಿ ಹಾಕಿ. ನೀರಿಗೆ ಬಿದ್ದ ಮೇಲೆ ಹತ್ತಿಯೂ ಉಬ್ಬುತ್ತದೆ, ಮರವೂ ಉಬ್ಬುತ್ತದೆ, ಎರಡೂ ಸೇರಿ ಮೊಳೆಯನ್ನೇ ಎಳೆದು ಹಾಕುತ್ತವೆ.

7. ಮೆತ್ತೆ

ಚಾಕ್ ಪುಡಿಗೆ ಅಗಸೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪ ಹಾಕಿ, ಅಡಿಕೆ ಹಾಳೆಯ ಮೇಲೆ ಕೈಗೆ ಅಂಟದ ಹಾಗೆ ಚೆನ್ನಾಗಿ ನಾದಿ. ಮೆತ್ತುವ ಮೊದಲು ಸಂದಿಗೆ ಒಂದು ಕೈ ಅಗಸೆ ಎಣ್ಣೆ ಅಥವಾ ತೆಳುವಾದ ಎಣ್ಣೆ ಬಣ್ಣ ಹಚ್ಚಲೇಬೇಕು. ಹಚ್ಚದಿದ್ದರೆ ಮರ ಮೆತ್ತೆಯ ಎಣ್ಣೆಯನ್ನೆಲ್ಲ ಕುಡಿಯುತ್ತದೆ, ಉಳಿಯುವುದು ಬರೀ ಪುಡಿ, ಅದು ಉದುರುತ್ತದೆ. ಮೆತ್ತೆಯನ್ನು ಹಲಗೆಯ ಮಟ್ಟಕ್ಕಿಂತ ಕೂದಲೆಳೆ ತಗ್ಗಿಸಿ ಬಿಡಿ. ಮರ ಉಬ್ಬಿದಾಗ ಅದು ಮೇಲೆ ಬಂದು ಸರಿಸಮ ಆಗುತ್ತದೆ.

ಹಿಂದಿನವರು ರಾಳದ ಪುಡಿಯನ್ನು ಎಣ್ಣೆಯಲ್ಲಿ ಕರಗಿಸಿ ಹಾಕುತ್ತಿದ್ದರು. ಈಗಲೂ ಹಾಕಬಹುದು, ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಕಾಸುವುದು ಬಯಲಿನಲ್ಲಿ, ಸಣ್ಣ ಉರಿಯಲ್ಲಿ, ಪಾತ್ರೆ ಅರ್ಧ ಮಾತ್ರ ತುಂಬಿಸಿ. ಬೆಂಕಿ ಹತ್ತಿದರೆ ನೀರು ಹಾಕಬಾರದು, ಮುಚ್ಚಳ ಮುಚ್ಚಿ ಅಥವಾ ಹೊಯ್ಗೆ (ಮರಳು) ಸುರಿಯಿರಿ. ಒಂದು ಬುಟ್ಟಿ ಹೊಯ್ಗೆ ಮೊದಲೇ ಪಕ್ಕದಲ್ಲಿರಲಿ.

ಇನ್ನೊಂದು ವಿಷಯ, ಇದು ಜನಕ್ಕೆ ಗೊತ್ತಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಣಗುವಾಗ ಬಿಸಿಯಾಗಿ ತನ್ನಷ್ಟಕ್ಕೆ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರಬೇಕಾಗಿಲ್ಲ. ಬಟ್ಟೆಯನ್ನು ಹರಡಿ ಹಗ್ಗದ ಮೇಲೆ ಒಣ ಹಾಕಿ ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ. ಒಣ ಮಡಲಿನ ಚಪ್ಪರದ ಅಡಿಯಲ್ಲಿ ಕೆಲಸ ಮಾಡುತ್ತಿದ್ದೀರಿ, ನೆನಪಿರಲಿ ಮಾರಾಯ್ರೆ.

8. ಎಣ್ಣೆ ಹಚ್ಚುವುದು

ಮೆತ್ತೆ ಕೈಗೆ ಅಂಟದಷ್ಟು ಒಣಗಿದ ಮೇಲೆ ಮೀನೆಣ್ಣೆ. ಬೂತಾಯಿ ಮೀನಿನ ಎಣ್ಣೆ ಗಾಳಿಗೆ ಒಣಗಿ ತೆಳು ಪೊರೆ ಕಟ್ಟುತ್ತದೆ, ವಾಸನೆ ಮಾತ್ರ ಒಂದು ವಾರ ಬಿಡುವುದಿಲ್ಲ. ಹೊರಗೆ ಎರಡು ಕೈ, ಒಳಗೆ ಒಂದು ಕೈ.

ಹೊರಗಿನ ತಳಕ್ಕೆ ಗೇರುಬೀಜದ ಸಿಪ್ಪೆ ಎಣ್ಣೆ ಹಚ್ಚುವವರೂ ಇದ್ದಾರೆ. ಹುಳಕ್ಕೆ ಒಳ್ಳೆಯ ತಡೆ. ಆದರೆ ಗೇರಿನ ಸೊನೆ ಚರ್ಮಕ್ಕೆ ಏನು ಮಾಡುತ್ತದೆ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ, ಇದು ಅದೇ ಸೊನೆಯ ಡಬ್ಬಿ. ಕೈಗವಸು, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಬೇಕು. ಕಾಸುವಾಗ ಹೊಗೆಯ ಎದುರು ನಿಲ್ಲಬೇಡಿ. ದೋಣಿಯ ಒಳಗೆ ಹಚ್ಚಲೇಬೇಡಿ, ಬರಿಗಾಲಲ್ಲಿ ನಿಲ್ಲುವ ಜಾಗ ಅದು.

9. ನೀರಿಗಿಳಿಸಿ ನೋಡುವುದು

ಇಳಿಸಿದ ಮೊದಲ ದಿನ ಸ್ವಲ್ಪ ನೀರು ಬಂದೇ ಬರುತ್ತದೆ. ಹೆದರಬೇಡಿ, ಹೊಸ ಹತ್ತಿ ನೆನೆಯಬೇಕು. ಒಂದು ಕೋಲಿಗೆ ಗುರುತು ಮಾಡಿ, ಸಂಜೆ ನೀರು ಪೂರ್ತಿ ಮೊಗೆದು ಬೆಳಿಗ್ಗೆ ಎಷ್ಟು ಬಂದಿದೆ ಅಂತ ಅಳೆಯಿರಿ. ದಿನದಿಂದ ದಿನಕ್ಕೆ ಕಡಿಮೆ ಆದರೆ ಸರಿ. ಮೂರನೆಯ ದಿನವೂ ಮೊದಲ ದಿನದಷ್ಟೇ ಬಂದರೆ ಯಾವುದೋ ಒಂದು ಜಾಗ ತಪ್ಪಿದೆ, ಮತ್ತೆ ಬೂದಿ ಪರೀಕ್ಷೆ. ಖಾಲಿ ಇದ್ದಾಗ ಸೋರದೆ ಭಾರ ಹಾಕಿದಾಗ ಮಾತ್ರ ಸೋರಿದರೆ ಪಕ್ಕದ ಹಲಗೆಯ ಮೇಲಿನ ಸಂದು ನೋಡಿ, ಆ ಭಾಗ ನೀರಿನೊಳಗೆ ಹೋಗುವುದೇ ಭಾರ ಬಿದ್ದಾಗ. ನೆನೆಸುವಾಗಲೂ ಅದು ನೀರಿನ ಮೇಲೇ ಉಳಿದಿರುತ್ತದೆ.

ನೀರು ಪೂರ್ತಿ ಹತೋಟಿಗೆ ಬರುವ ತನಕ ಜನ ಹತ್ತಿಸಬೇಡಿ. ಚಪ್ಪಟೆ ತಳದ ದೋಣಿ ಮಗುಚುವುದಿಲ್ಲ ಅಂತ ಒಂದು ಧೈರ್ಯ ಎಲ್ಲರಿಗೂ ಉಂಟು. ಒಳಗೆ ನೀರಿಲ್ಲದಿದ್ದಾಗ ಆ ಮಾತು ಬಹಳ ಮಟ್ಟಿಗೆ ನಿಜ. ಆದರೆ ಮೇಲೆ ಹೇಳಿದ ಅಳತೆಯ ದೋಣಿಯಲ್ಲಿ ಎರಡೇ ಇಂಚು ನೀರು ಅಂದರೆ 250 ಕಿಲೋ. ದೋಣಿ ಸ್ವಲ್ಪ ಬಲಕ್ಕೆ ವಾಲಿದರೆ ಆ 250 ಕಿಲೋ ಪೂರ್ತಿ ಬಲಕ್ಕೇ ಓಡುತ್ತದೆ. ತಳ ಅಗಲ ಇದ್ದಷ್ಟೂ ಓಡಲು ಜಾಗ ಜಾಸ್ತಿ. ಹೊರೆ ಹೇರುವಾಗ ಒಳಗಿನ ನೀರನ್ನು ಮೊದಲು ಮೊಗೆಯಿರಿ, ಆಮೇಲೆ ಹೇರಿ. ಗೋಣಿಗಳ ಅಡಿಯಲ್ಲಿ ಅಡ್ಡಪಟ್ಟಿ ಹಾಕಿ, ಮೊಗೆಯಲು ಒಂದು ಕಡೆ ಜಾಗ ಬಿಡಿ.

ಎಂಜಿನ್ ಕೂರಿಸಿದ ದೋಣಿಯಾದರೆ 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಸರ್ವೆ ಮತ್ತು ನೋಂದಣಿ ಬೇಕು. ಹುಟ್ಟು, ಗಳ ಹಾಕುವ ದೋಣಿಯಾದರೂ ಲೈಫ್ ಜಾಕೆಟ್ ಇರಲಿ.

ಫೈಬರ್ ಹೊದಿಸಿದರೆ ಆಗುವುದಿಲ್ಲವಾ?

ಎಲ್ಲರೂ ಕೇಳುತ್ತಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ರಬ್ಬರ್ ಮರಕ್ಕೆ ಔಷಧ ಕೊಟ್ಟು, ಮೇಲೆ ಫೈಬರ್ ಹೊದಿಸಿ ದೋಣಿ ಮಾಡಿ ತೋರಿಸಿದ್ದಾರೆ. ಅದು ಹೊಸ ಮರ. ನಿಮ್ಮ ಹಳೆಯ ದೋಣಿ ಎಣ್ಣೆ ಮತ್ತು ನೀರು ಕುಡಿದದ್ದು, ಅದಕ್ಕೆ ಫೈಬರ್ ಅಂಟಿಸುವ ಪಾಲಿಯೆಸ್ಟರ್ ರೆಸಿನ್ ಅಂಟುವುದಿಲ್ಲ. ಅಂಟಿದ ಹಾಗೆ ಕಂಡರೂ ಮರ ಉಬ್ಬಿದಾಗ ಪದರ ಎದ್ದು ಬರುತ್ತದೆ, ನಡುವೆ ನೀರು ನಿಲ್ಲುತ್ತದೆ, ಒಳಗಿಂದೊಳಗೇ ಕುಂಬಾಗುತ್ತದೆ. ಹೊದಿಸುವುದೇ ಆದರೆ ಹಲಗೆ ಬದಲಿಸಿದ, ಚೆನ್ನಾಗಿ ಒಣಗಿದ ದೋಣಿಗೆ, ಎಪಾಕ್ಸಿ ರೆಸಿನ್‌ನಲ್ಲಿ, ಮಳೆಗಾಲ ಬಿಟ್ಟು. ಪಾಲಿಯೆಸ್ಟರ್ ಬಳಸುವವರು ಅದು ಗಟ್ಟಿಯಾಗಲು ಸೇರಿಸುವ ಹಾರ್ಡನರನ್ನೂ ಕೋಬಾಲ್ಟ್ ದ್ರವವನ್ನೂ ಯಾವತ್ತೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸ್ಫೋಟ ಆಗುತ್ತದೆ.

ಹೊಲಿದ ದೋಣಿ ಇದ್ದವರಿಗೆ

ನಾರಿನ ಹಗ್ಗದಲ್ಲಿ ಹೊಲಿದ ದೋಣಿಗೆ ಉಳಿ-ಕೊಡತಿ ಮುಟ್ಟಿಸಬೇಡಿ. ಸಂದಿಗೆ ಹತ್ತಿ ಬಡಿದರೆ ಹೊಲಿಗೆಯೇ ಹರಿಯುತ್ತದೆ. ನೆನೆಸುವುದು, ಬೂದಿ ಪರೀಕ್ಷೆ, ಎಣ್ಣೆ, ಇಷ್ಟನ್ನು ಮಾಡಿ. ಹಗ್ಗ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತಿದ್ದರೆ ಪೂರ್ತಿ ಬಿಚ್ಚಿ ಹೊಲಿಯಬೇಕು. ಅದು ತಿಳಿದವರು ದಕ್ಷಿಣ ಕೇರಳದ ಹಿನ್ನೀರಿನ ಕಡೆ ಈಗಲೂ ಇದ್ದಾರೆ.

ಹೊಳೆಯ ನಡುವೆ ಸೋರಿದರೆ

ಮೊದಲು ದಡದ ಕಡೆ ತಿರುಗಿ. ಹಳೆಯ ಬಟ್ಟೆ ಅಥವಾ ತೆಂಗಿನ ನಾರಿಗೆ ಗ್ರೀಸ್ ಹಚ್ಚಿ, ಚೂರಿಯ ಹಿಂಬದಿಯಿಂದ ಸಂದಿಗೆ ಒತ್ತಿ. ಅದು ದಡ ಮುಟ್ಟುವ ತನಕ ಸಾಕು. ದಡದಲ್ಲಿ ಕಟ್ಟಿ ನಿಲ್ಲಿಸಿದ ದೋಣಿಯಲ್ಲಿ ಸಣ್ಣಗೆ ಜಿನುಗುತ್ತಿದ್ದರೆ ಹಳೆಯ ಉಪಾಯ ಒಂದುಂಟು: ಬಕೆಟಿಗೆ ಮರದ ಹುಡಿ ತುಂಬಿಸಿ, ಗಳಕ್ಕೆ ಕಟ್ಟಿ ದೋಣಿಯ ಅಡಿಗೆ ಒಯ್ದು ಅಲ್ಲಿ ಮಗುಚಿ ಅಲುಗಾಡಿಸಿ. ಒಳಗೆ ಬರುವ ನೀರು ಹುಡಿಯನ್ನು ಎಳೆದುಕೊಂಡು ಸಂದಿಗೆ ತುಂಬಿಸುತ್ತದೆ. ಇದರ ಮೇಲೆ ಭರವಸೆ ಇಟ್ಟು ಹೊರೆ ಮಾತ್ರ ಹಾಕಬೇಡಿ.

ಮುಂದಿನ ಬೇಸಿಗೆಗೆ

ದೋಣಿಯನ್ನು ಮಗುಚಿ, ನೆಲಕ್ಕೆ ತಾಗದ ಹಾಗೆ ತೊಲೆಯ ಮೇಲೆ, ನೆರಳಿನಲ್ಲಿ ಇಡಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಸುತ್ತಬೇಡಿ, ಒಳಗೆ ಬಿಸಿಯಾಗಿ ಮರ ಬೇಗ ಒಡೆಯುತ್ತದೆ. ಮಡಲು ಹೊದಿಸಿ, ವಾರಕ್ಕೆರಡು ಸಲ ನೀರು ಹಾಕಿ. ಹೊಳೆಯಲ್ಲಿ ಬತ್ತದ ಸಿಹಿನೀರಿನ ಗುಂಡಿ ಇದ್ದರೆ ಅಲ್ಲೇ ಅರ್ಧ ಮುಳುಗಿಸಿ ಬಿಡುವುದು ಇನ್ನೂ ಒಳ್ಳೆಯದು. ಹಾಗೆ ಬಿಟ್ಟವರು ಮೇ ಕೊನೆಗೆ ನೀರು ಖಾಲಿ ಮಾಡಿ ಮೇಲೆ ತಂದುಬಿಡಿ, ಮೊದಲ ಮಳೆಗೆ ಹೊಳೆ ಒಂದೇ ರಾತ್ರಿಯಲ್ಲಿ ಏರುತ್ತದೆ, ನೀರು ತುಂಬಿದ ದೋಣಿಯನ್ನು ಆಗ ಯಾವ ಹಗ್ಗವೂ ಹಿಡಿಯುವುದಿಲ್ಲ.